ಕಣಜ ದೊಡ್ಡದಾದರೆ ಸಾಕೇ?



ಸಂತ ಲೂಕರ ಶುಭಸಂದೇಶದ 12ನೇ ಅಧ್ಯಾಯದಲ್ಲಿ ಬರುವ ಸಿರಿವಂತನ ಸಾಮತಿ ನಿಮಗೆ ಗೊತ್ತೇ ಇದೆ. ಬೆಳೆ ಹುಲುಸಾಗಿ ಬಂತು. ಹಳೆಯ ಕಣಜ ಕೆಡವಿ ದೊಡ್ಡದು ಕಟ್ಟಲು ಅವನು ಮನಸ್ಸು ಮಾಡಿದ. ಅವನ ಆಯುಸ್ಸು ಅದೇ ರಾತ್ರಿಗೆ ಮುಗಿಯಿತು. ಅವನು ಕದ್ದನೆಂದಾಗಲಿ, ಮೋಸ ಮಾಡಿದನೆಂದಾಗಲಿ ಪ್ರಭು ಹೇಳುವುದಿಲ್ಲ. ಆದರೆ ಗಮನಿಸಿ: ಅವನು ಮಾತನಾಡುವುದೆಲ್ಲ ತನ್ನೊಂದಿಗೇ. ಹೆಂಡತಿಯನ್ನಾಗಲಿ, ಆಳನ್ನಾಗಲಿ, ನೆರೆಯವನನ್ನಾಗಲಿ ಒಂದು ಮಾತು ಕೇಳಲಿಲ್ಲ.

ಈಚೆಗೆ ಬಲಿಪೂಜೆ ಮುಗಿದ ಮೇಲೆ, ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿರುವ ಯುವಕನೊಬ್ಬ ನನ್ನನ್ನು ತಡೆದು ಕೇಳಿದ: "ಫಾದರ್, ಬೆಳವಣಿಗೆಗೆ ಮಿತಿ ಇರಬೇಕು ಅಂತ ಪ್ರಸಂಗದಲ್ಲಿ ಹೇಳಿದ್ರಿ. ಕಂಪನಿ ಬೆಳೆಯದಿದ್ದರೆ ನನ್ನ ಕೆಲಸವೇ ಹೋಗುತ್ತೆ. ತಂಗಿ ಓದು ನಡೀತಿರೋದು ನನ್ನ ಸಂಬಳದಲ್ಲಿ." ಅವನ ಮಾತನ್ನು ತಳ್ಳಿಹಾಕಲಾರೆ. ಸಿಡುಬು ಭೂಮಿಯಿಂದ ತೊಲಗಿದ್ದು ಲಸಿಕೆಯಿಂದ. ಹೊಟ್ಟೆ ತುಂಬಿದವರು ಬಡತನವನ್ನು ಹೊಗಳುವುದು ಸುಲಭ. ನಾವು ಗುರುಗಳೂ ಆ ತಪ್ಪು ಮಾಡುವುದುಂಟು.

ಆದರೂ ಕೋಲಾರದ ಚಿನ್ನದ ಗಣಿಯನ್ನು ನೆನೆಯಿರಿ. ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಅಲ್ಲಿಗೆ ಹೋಯಿತು. ಬೆಂಗಳೂರಿನ ಬೀದಿಗಳಿಗೆ ವಿದ್ಯುತ್ ದೀಪ ಬಂದದ್ದು 1905ರಲ್ಲಿ. ಕಾಲಕಾಲದ ಉತ್ತಮ ಯಂತ್ರಗಳನ್ನು ತಂದು ಮೂರು ಕಿಲೋಮೀಟರಿಗೂ ಆಳಕ್ಕೆ ಅಗೆದರು. ಲಾಭ ಬಹುಕಾಲ ಲಂಡನ್ನಿನ ಷೇರುದಾರರಿಗೆ ಹೋಯಿತು. ಕಲ್ಲಿನ ಧೂಳು ಮಾತ್ರ ಕಾರ್ಮಿಕರ ಶ್ವಾಸಕೋಶದಲ್ಲಿ ಉಳಿಯಿತು. 2001ರಲ್ಲಿ ಗಣಿ ಮುಚ್ಚಿತು. ಸಯನೈಡ್ ಮಣ್ಣಿನ ದಿಬ್ಬಗಳು ಇನ್ನೂ ನಿಂತಿವೆ. ಗಾಳಿ ಎದ್ದರೆ ಆ ಮಣ್ಣು ಮನೆಯೊಳಗೆ. ಗಣಿಗಿಳಿದವರ ಮಕ್ಕಳು ಮುಂಜಾನೆ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಬರುತ್ತಾರೆ.

ಅಭಿವೃದ್ಧಿಯೆಂದರೆ ಬರೀ ಹಣದ ಬೆಳವಣಿಗೆಯಲ್ಲ, ಪ್ರತಿಯೊಬ್ಬ ಮನುಷ್ಯನ, ಇಡೀ ಮನುಷ್ಯನ ಏಳಿಗೆ ಎಂದು ಜಗದ್ಗುರು ಆರನೇ ಪೌಲರು 1967ರಲ್ಲೇ ಬೋಧಿಸಿದರು. ಜಗದ್ಗುರು ಫ್ರಾನ್ಸಿಸರು 2015ರ ತಮ್ಮ ಪರಿಪತ್ರದಲ್ಲಿ ಇನ್ನೂ ಮುಂದೆ ಹೋದರು: ಬಡ ನಾಡುಗಳು ಬೆಳೆಯುವಂತಾಗಲು ಉಳಿದ ಕೆಲವು ನಾಡುಗಳು ತಮ್ಮ ಬೆಳವಣಿಗೆಯನ್ನು ತಗ್ಗಿಸಿಕೊಳ್ಳಬೇಕು ಎಂದರು. ಕಹಿಯಾದ ಮಾತು. ಚುನಾವಣೆಗೆ ನಿಂತವರಾರೂ ಇದನ್ನು ಹೇಳಲಾರರು.

ಆ ಯುವಕನಿಗೆ ಕೆಲಸ ಬಿಡು ಎನ್ನಲಿಲ್ಲ. ನಿಮ್ಮ ಕಟ್ಟಡಕ್ಕೆ ನೀರು ಎಲ್ಲಿಂದ ಬರುತ್ತದಪ್ಪಾ ಎಂದಷ್ಟೇ ಕೇಳಿದೆ. "ಟ್ಯಾಂಕರಿಂದ ಫಾದರ್." ಟ್ಯಾಂಕರಿಗೆ? ಯಾವ ಊರಿನ ಕೊಳವೆಬಾವಿಯೋ ಅವನಿಗೆ ತಿಳಿದಿರಲಿಲ್ಲ. ವಿಚಾರಿಸಿ ಬರುವ ಭಾನುವಾರ ಹೇಳುತ್ತೇನೆ ಎಂದು ಹೋಗಿದ್ದಾನೆ.