ಗಂಟೆ ಬಾರಿಸುವವನು ಕೇಳುವುದಿಲ್ಲ

ಅವತ್ತು ಬೆಳಿಗ್ಗೆ ಎಂಟಕ್ಕೆ ನಾಸ್ಬಿನಾಲ್ ಬಿಟ್ಟಾಗ ಊರಿನ ಇಗರ್ಜಿಯ ಗೋಪುರ ಅರ್ಧಕ್ಕಿಂತ ಮೇಲೆ ಕಾಣುತ್ತಿರಲಿಲ್ಲ. ಸೆಪ್ಟೆಂಬರ್ ಕೊನೆಯ ವಾರ. ಫ್ರಾನ್ಸಿನ ನಡುಭಾಗದ ಓಬ್ರಾಕ್ ಎಂಬ ಎತ್ತರದ ಬಯಲಿಗೆ ಮಂಜು ಇಳಿದರೆ ಇಡೀ ದಿನ ಏಳುವುದಿಲ್ಲ ಎಂದು ಹಿಂದಿನ ರಾತ್ರಿ ತಂಗಿದ್ದ ಮನೆಯವರು ಹೇಳಿದ್ದರು. ನಾನು ಲ ಪ್ಯೂಯಿ ಎಂಬ ಊರಿನಿಂದ ನಡೆಯಲು ಶುರು ಮಾಡಿ ಅಂದಿಗೆ ಆರನೆಯ ದಿನ. ಜಿ.ಆರ್. 65 ಎಂಬ ಈ ಕಾಲುದಾರಿ ಸ್ಪೇನಿನ ಸಾಂತಿಯಾಗೊ ದೆ ಕಾಂಪೊಸ್ತೆಲಾಕ್ಕೆ ಹೋಗುವ ಹಳೆಯ ಯಾತ್ರೆಯ ಹಾದಿ. ಪೂರ್ತಿ ನಡೆದರೆ ಸುಮಾರು 1500 ಕಿಲೋಮೀಟರ್. ನನಗೆ ಅಷ್ಟು ರಜೆಯೂ ಇರಲಿಲ್ಲ, ಅಷ್ಟು ಭಕ್ತಿಯೂ ಇರಲಿಲ್ಲ. ಸಂಶೋಧನೆಗೆಂದು ಲಿಯಾನ್‌ಗೆ ಬಂದವನು ಹತ್ತು ದಿನ ಪುಸ್ತಕ ಮುಚ್ಚಿಟ್ಟು ನಡೆಯೋಣ ಎಂದು ಹೊರಟಿದ್ದೆ, ಅಷ್ಟೆ.

ಆ ದಿನದ ನಡಿಗೆ ಸ್ಯಾಂ ಶೆಲಿ ದೋಬ್ರಾಕ್ ಎಂಬ ಊರಿನವರೆಗೆ, ಸುಮಾರು 17 ಕಿಲೋಮೀಟರ್. ಯುನೆಸ್ಕೊ 1998ರಲ್ಲಿ ಈ ಯಾತ್ರಾ ಹಾದಿಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದಾಗ ಹಾದಿಯ ಕೆಲವು ತುಂಡುಗಳನ್ನು ಮಾತ್ರ ಆರಿಸಿಕೊಂಡಿತು. ಅವುಗಳಲ್ಲಿ ಇದೂ ಒಂದು. ಮರಗಳೇ ಇಲ್ಲದ ಹುಲ್ಲುಗಾವಲು, ಗಾರೆಯಿಲ್ಲದೆ ಜೋಡಿಸಿದ ಕಪ್ಪು ಕಲ್ಲಿನ ಗೋಡೆಗಳು, ಕಂದು ಬಣ್ಣದ ಓಬ್ರಾಕ್ ಹಸುಗಳು, ಹಿಂದೆ ಬೇಸಿಗೆಯಲ್ಲಿ ದನಗಾಹಿಗಳು ಉಳಿದು ಚೀಸ್ ಮಾಡುತ್ತಿದ್ದ ಕಲ್ಲಿನ ಗುಡಿಸಲುಗಳು. ಇವೆಲ್ಲ ನನಗೆ ಪುಸ್ತಕದಿಂದ ಗೊತ್ತು. ಅವತ್ತು ಕಂಡದ್ದು ಬೇಲಿಯ ಕಂಬಗಳು, ಅವುಗಳ ಮೇಲಿನ ಬಿಳಿ ಕೆಂಪು ಪಟ್ಟಿ ಮಾತ್ರ. ಮೇಲೆ ಬಿಳಿ, ಕೆಳಗೆ ಕೆಂಪು ಇದ್ದರೆ ದಾರಿ ಸರಿ. ಎರಡೂ ಬಣ್ಣ ಒಂದರ ಮೇಲೊಂದು ಅಡ್ಡ ಹಾಯ್ದಿದ್ದರೆ ದಾರಿ ತಪ್ಪಿದೆ ಎಂದರ್ಥ. 1947ರಿಂದ ಫ್ರಾನ್ಸಿನ ಉದ್ದಗಲಕ್ಕೂ ಈ ಗುರುತನ್ನು ಬಳಿಯುತ್ತ ಬಂದಿದ್ದಾರೆ. ಬಹುಪಾಲು ಸ್ವಯಂಸೇವಕರು.

ಒಂಬತ್ತೂವರೆಯ ಹೊತ್ತಿಗೆ ಒಂದು ಮರದ ಗೇಟಿನ ಪಕ್ಕ ಗೋಡೆಯ ಮೇಲೆ ಯಾರೋ ಕೂತಿರುವುದು ಕಂಡಿತು. ಹಿಂದಿನ ರಾತ್ರಿ ಊಟದ ಮೇಜಿನಲ್ಲಿ ನನ್ನ ಎದುರು ಕೂತಿದ್ದ ಹಿರಿಯ ಹೆಂಗಸು. ಎಪ್ಪತ್ತರ ಆಸುಪಾಸು, ಒಬ್ಬರೇ ನಡೆಯುತ್ತಿದ್ದರು. ಎಡಗಾಲಿನ ಬೂಟು ಬಿಚ್ಚಿ ಪಾದ ಹಿಡಿದುಕೊಂಡಿದ್ದರು. ನಾನು ಗೇಟು ತೆಗೆಯುತ್ತಲೇ ಫ್ರೆಂಚಿನಲ್ಲಿ "ಎಲ್ಲ ಸರಿಯಾಗಿದೆಯಾ?" ಅಂದೆ. ಅವರು ನಕ್ಕು, "ಸರಿಯಾಗಿದೆ, ನೀನು ನಡಿ" ಅಂದರು. ಗೇಟು ಹಾಕಿಕೊಂಡು ನಡೆದೆ. ಹತ್ತು ಹೆಜ್ಜೆ ಇಟ್ಟು ತಿರುಗಿ ನೋಡಿದರೆ ಗೋಡೆಯೂ ಇಲ್ಲ, ಅವರೂ ಇಲ್ಲ.

ನನಗೆ ಅವಸರವಿತ್ತು. ಮಧ್ಯಾಹ್ನ ಎರಡೂವರೆಗೆ, ಅಂದರೆ ನಮ್ಮ ಕಡೆಯ ಸಂಜೆ ಆರಕ್ಕೆ, ನನ್ನ ಗೈಡ್ ಫೋನಿನಲ್ಲಿ ಮಾತಾಡುತ್ತೇನೆ ಎಂದಿದ್ದರು. ಮೂರನೆಯ ಅಧ್ಯಾಯದ ಬಗ್ಗೆ. ಅಷ್ಟರೊಳಗೆ ಸ್ಯಾಂ ಶೆಲಿ ಸೇರಬೇಕಿತ್ತು. ಆ ಅಧ್ಯಾಯ ಯಾವುದರ ಬಗ್ಗೆ ಎಂದು ಹೇಳಲು ಈಗ ನಾಚಿಕೆಯಾಗುತ್ತದೆ: ಆತಿಥ್ಯದ ನೀತಿ. ಅಪರಿಚಿತನ ಮುಖವೇ ನನ್ನ ಮೇಲೆ ಹೊಣೆ ಹೊರಿಸುತ್ತದೆ, ನಾನು ಒಪ್ಪುವ ಮೊದಲೇ ಹೊರಿಸುತ್ತದೆ ಎಂದ ಲೆವಿನಾಸ್ ಅವರನ್ನು ಇಟ್ಟುಕೊಂಡು ಬರೆಯುತ್ತಿದ್ದೆ. ಹಿಂದಿನ ರಾತ್ರಿ ಆ ಹೆಂಗಸಿಗೇ ನನ್ನ ಮುರುಕು ಫ್ರೆಂಚಿನಲ್ಲಿ ಇಪ್ಪತ್ತು ನಿಮಿಷ ಅದನ್ನು ವಿವರಿಸಿದ್ದೆ. ಅವರು ತಾಳ್ಮೆಯಿಂದ ಕೇಳಿಸಿಕೊಂಡಿದ್ದರು.

ಹನ್ನೊಂದರ ಹೊತ್ತಿಗೆ ಓಬ್ರಾಕ್ ಎಂಬ ಹಳ್ಳಿ ಸಿಕ್ಕಿತು. ಸುಮಾರು 1300 ಮೀಟರ್ ಎತ್ತರ, ಒಂದು ಗೋಪುರ, ಒಂದು ಇಗರ್ಜಿ, ಕೆಲವು ಮನೆಗಳು. ಚಳಿ ತಡೆಯಲಾರದೆ ಇಗರ್ಜಿಯೊಳಗೆ ಹೊಕ್ಕೆ. ಈ ಜಾಗ ಒಂದು ಕಾಲಕ್ಕೆ ಯಾತ್ರಿಕರ ದೊಡ್ಡ ಛತ್ರವಾಗಿತ್ತು. 1120ರ ಸುಮಾರಿಗೆ ಅಡಲಾರ್ ಎಂಬ ಫ್ಲಾಂಡರ್ಸ್ ಪ್ರಾಂತ್ಯದ ಶ್ರೀಮಂತ ಇಲ್ಲಿ ಹಿಮದ ಬಿರುಗಾಳಿಗೆ ಸಿಕ್ಕಿ, ಬದುಕಿ ಉಳಿದರೆ ದಾರಿಹೋಕರಿಗೆ ಆಸರೆ ಕಟ್ಟಿಸುತ್ತೇನೆ ಎಂದು ಹರಕೆ ಹೊತ್ತನೆಂದು ಕಥೆ. ಫ್ರಾನ್ಸಿನ ಕ್ರಾಂತಿಯೊಂದಿಗೆ ಆ ಮಠ ಮುಗಿಯಿತು. ಉಳಿದದ್ದರಲ್ಲಿ ಒಂದು ಗಂಟೆಯ ನೆನಪೂ ಇದೆ. ಅದರ ಹೆಸರು 'ದಾರಿ ತಪ್ಪಿದವರ ಗಂಟೆ'. ಮಂಜು ಕವಿದಾಗ, ಹಿಮ ಸುರಿಯುವಾಗ ಸನ್ಯಾಸಿಗಳು ಅದನ್ನು ಬಾರಿಸುತ್ತಿದ್ದರು. ಬಯಲಿನಲ್ಲಿ ದಿಕ್ಕುಗೆಟ್ಟವರು ಸದ್ದು ಹಿಡಿದು ಬರಲಿ ಎಂದು.

ನಾನು ಬೆಂಚಿನ ಮೇಲೆ ಕೂತುಬಿಟ್ಟೆ. ಆ ಬಯಲಿನಲ್ಲಿ ಯಾರಿದ್ದಾರೆ ಎಂದು ಗಂಟೆ ಬಾರಿಸುವವನಿಗೆ ಗೊತ್ತಿರಲಿಲ್ಲ. ಎಷ್ಟೋ ರಾತ್ರಿ ಯಾರೂ ಇದ್ದಿರಲಿಕ್ಕಿಲ್ಲ. ಆದರೂ ಹಗ್ಗ ಜಗ್ಗಿದ. ನನಗೋ, ಯಾರಿದ್ದಾರೆ, ಎಲ್ಲಿ ಕೂತಿದ್ದಾರೆ, ಯಾವ ಕಾಲು ನೋಯುತ್ತಿದೆ ಎಂಬುದೂ ಗೊತ್ತಿತ್ತು.

ತತ್ವಶಾಸ್ತ್ರ ಓದಿದವನಿಗೆ ಸಮರ್ಥನೆಗಳು ಬೇಗ ಹೊಳೆಯುತ್ತವೆ. ಮೊದಲನೆಯದು ಕಾನೂನು. ಅಪಾಯದಲ್ಲಿರುವವರಿಗೆ ನೆರವಾಗದೆ ಹೋಗುವುದು ಫ್ರಾನ್ಸಿನಲ್ಲಿ ಅಪರಾಧ. ದಂಡಸಂಹಿತೆಯ 223-6ನೇ ವಿಧಿಯಡಿ ಐದು ವರ್ಷ ಜೈಲು, 75,000 ಯೂರೊ ದಂಡದವರೆಗೂ ಶಿಕ್ಷೆಯಾಗಬಹುದು. ಆದರೆ ಗೋಡೆಯ ಮೇಲೆ ಕೂತು ನಗುವ ಹೆಂಗಸು ಅಪಾಯದಲ್ಲಿದ್ದರು ಎಂದು ಯಾವ ನ್ಯಾಯಾಲಯ ಹೇಳೀತು? ಎರಡನೆಯದು ಅವರ ಸ್ವಾತಂತ್ರ್ಯ. ಒಬ್ಬರೇ ನಡೆಯಲು ಬಂದವರು, ಹೋಗು ಎಂದು ತಾವೇ ಹೇಳಿದವರು. ಬೇಡವೆಂದರೂ ನೆರವಿಗೆ ನಿಲ್ಲುವುದು ಅಹಂಕಾರವಲ್ಲವೆ?

ಆಗ ನೆನಪಾದದ್ದು ಡಾರ್ಲಿ ಮತ್ತು ಬ್ಯಾಟ್ಸನ್ ಎಂಬ ಮನೋವಿಜ್ಞಾನಿಗಳು 1973ರಲ್ಲಿ ಪ್ರಕಟಿಸಿದ ಪ್ರಯೋಗ. ಅಮೆರಿಕದ ಪ್ರಿನ್ಸ್‌ಟನ್‌ನಲ್ಲಿ ಪಾದ್ರಿಗಳಾಗಲು ಓದುತ್ತಿದ್ದ ವಿದ್ಯಾರ್ಥಿಗಳನ್ನು ಭಾಷಣ ಮಾಡಲು ಪಕ್ಕದ ಕಟ್ಟಡಕ್ಕೆ ಕಳಿಸಿದರು. ದಾರಿಯಲ್ಲಿ ಒಬ್ಬ ಮನುಷ್ಯ ಬಾಗಿಲ ಬಳಿ ಕುಸಿದು ನರಳುವಂತೆ ಏರ್ಪಾಡು ಮಾಡಿದ್ದರು. ಸಮಯ ಬೇಕಾದಷ್ಟಿದೆ ಎಂದುಕೊಂಡವರಲ್ಲಿ ನೂರಕ್ಕೆ 63 ಜನ ನೆರವಾದರು. ತಡವಾಗಿದೆ ಎಂದುಕೊಂಡವರಲ್ಲಿ ನೂರಕ್ಕೆ 10 ಮಾತ್ರ. ಕೆಲವರು ಹೊರಟಿದ್ದೇ ದಾರಿಯಲ್ಲಿ ಬಿದ್ದವನಿಗೆ ನೆರವಾದ ಸಮಾರಿಯದವನ ಕಥೆಯ ಬಗ್ಗೆ ಮಾತಾಡಲು. ಅದರಿಂದ ಹೇಳಿಕೊಳ್ಳುವಂಥ ವ್ಯತ್ಯಾಸವೇನೂ ಆಗಲಿಲ್ಲ. ಈ ಪ್ರಯೋಗವನ್ನು ನಾನು ತರಗತಿಯಲ್ಲಿ ಪಾಠ ಮಾಡಿದ್ದೇನೆ. ಮಕ್ಕಳು ನಗುತ್ತಾರೆ, ನಾನೂ ನಗುತ್ತಿದ್ದೆ.

ಆದರೆ ನನ್ನ ತಪ್ಪು ಅವಸರವಷ್ಟೇ ಅಲ್ಲ, ಅದಕ್ಕಿಂತ ಸೂಕ್ಷ್ಮವಾದದ್ದು ಅನ್ನಿಸಿತು. ನಾನು ಸುಮ್ಮನೆ ಹೋಗಲಿಲ್ಲ, ಕೇಳಿದೆ. ಹೇಗೆ ಕೇಳಿದೆ? ಗೇಟಿನ ಮೇಲೆ ಕೈಯಿಟ್ಟು, ಒಂದು ಕಾಲು ಆಚೆ ಇಟ್ಟು. ಹಾಗೆ ಕೇಳಿದವನಿಗೆ "ಸರಿಯಾಗಿದೆ" ಎನ್ನುವುದು ಬಿಟ್ಟು ಬೇರೆ ಉತ್ತರ ಕೊಡಲು ಮರ್ಯಾದಸ್ಥರಿಗೆ ಆಗುತ್ತದೆಯೆ? ನಾನು ಅವರ ಸ್ಥಿತಿಯನ್ನು ವಿಚಾರಿಸಲಿಲ್ಲ, ಹೊರಡಲು ಅಪ್ಪಣೆ ಕೇಳಿದೆ. ಅವರು ದೊಡ್ಡ ಮನಸ್ಸಿನಿಂದ ಕೊಟ್ಟರು.

ಇಂಥ ಪ್ರಶ್ನೆಗಳು ನಮಗೆ ಹೊಸದಲ್ಲ. ಮನೆಗೆ ಬಂದವರನ್ನು "ಊಟ ಮಾಡ್ತೀರಾ?" ಎಂದು ಕೇಳಿದರೆ ನನ್ನಜ್ಜಿ ಸಿಟ್ಟಾಗುತ್ತಿದ್ದಳು. "ಕೇಳಿದ್ರೆ ಬೇಡ ಅಂತಾರೆ, ಎಲೆ ಹಾಕು" ಎನ್ನುತ್ತಿದ್ದಳು. ಅದು ಬಲವಂತ ಎಂದು ಓದಿಕೊಂಡ ನಾನು ಅವಳೊಡನೆ ವಾದಿಸಿದ್ದೆ. ಆದರೆ ಎಲೆ ಹಾಕಿದ ಮೇಲೂ ಬಂದವರು ಬೇಡ ಎನ್ನಬಹುದಿತ್ತು, ಸಾಕು ಎಂದು ಕೈ ಅಡ್ಡ ಹಿಡಿಯಬಹುದಿತ್ತು. ಅಜ್ಜಿ ಕಸಿದುಕೊಂಡಿದ್ದು ಅವರ ಸ್ವಾತಂತ್ರ್ಯವನ್ನಲ್ಲ, ಬೇಕು ಎಂದು ಬಾಯಿಬಿಟ್ಟು ಹೇಳುವ ಸಂಕೋಚವನ್ನು. ಗಂಟೆಯೂ ಹಾಗೆಯೇ. ಅದು ಯಾರ ಕೈಯನ್ನೂ ಹಿಡಿದು ಎಳೆಯುವುದಿಲ್ಲ. ಬೇಕಾದವರು ಸದ್ದಿನತ್ತ ಬರಲಿ, ಬೇಡವಾದವರು ತಮ್ಮ ಹಾದಿ ಹಿಡಿಯಲಿ. ಬಾರಿಸುವವನ ಕೆಲಸ ಸದ್ದು ನಿಲ್ಲದಂತೆ ನೋಡಿಕೊಳ್ಳುವುದು. ನಾನೂ ಏನನ್ನೂ ಕೇಳದೆ ಆ ಗೋಡೆಯ ಮೇಲೆ ಹತ್ತು ನಿಮಿಷ ಕೂತು ನೀರು ಕುಡಿಯಬಹುದಿತ್ತು. ಅಷ್ಟೇ ಸಾಕಿತ್ತು.

ಎದ್ದು ಬಂದ ದಾರಿಯಲ್ಲೇ ವಾಪಸು ಹೊರಟೆ. ಕಾಲು ಗಂಟೆ ನಡೆದಿರಬೇಕು. ಮಂಜು ಇನ್ನೂ ದಟ್ಟವಾಯಿತು, ಒಂದು ಕಂಬದಿಂದ ಮುಂದಿನ ಕಂಬ ಕಾಣದಾಯಿತು. ಹೆದರಿ ಹಿಂದಿರುಗಿದೆ. ಇದನ್ನೂ ಬರೆಯಬೇಕು. ಹೋಟೆಲಿನಲ್ಲಿ ಕಿಟಕಿಯ ಪಕ್ಕ ಕೂತು ಗೈಡ್‌ಗೆ ಮೆಸೇಜ್ ಹಾಕಿದೆ. ಎರಡೇ ನಿಮಿಷಕ್ಕೆ ಉತ್ತರ ಬಂತು: "ಪರವಾಗಿಲ್ಲ, ನಾಳೆ ಮಾತಾಡೋಣ." ನನ್ನ ಅವಸರದ ಬೆಲೆ ಅಷ್ಟೇ ಆಗಿತ್ತು.

ಒಂದು ಗಂಟೆ ದಾಟಿದ ಮೇಲೆ ಅವರು ಬಂದರು, ಕುಂಟುತ್ತ. ಜೊತೆಗೆ ಮಧ್ಯವಯಸ್ಸಿನ ಗಂಡ ಹೆಂಡತಿ. ಅವರ ಬ್ಯಾಗು ಆ ಗಂಡಸಿನ ಎದೆಯ ಮೇಲೆ, ತನ್ನದು ಬೆನ್ನಿನ ಮೇಲೆ. ನನ್ನನ್ನು ನೋಡಿ ಖುಷಿಯಿಂದ, "ನೀನು ಎಷ್ಟು ಬೇಗ ನಡೀತೀಯ!" ಅಂದರು. ಅದರಲ್ಲಿ ವ್ಯಂಗ್ಯವಿರಲಿಲ್ಲ. ಇದ್ದಿದ್ದರೆ ಹಗುರಾಗುತ್ತಿತ್ತು.

ಏನೂ ಆಗಲಿಲ್ಲವಲ್ಲ ಎಂದು ನೀವು ಕೇಳಬಹುದು. 1976ರಲ್ಲಿ ಬರ್ನಾರ್ಡ್ ವಿಲಿಯಮ್ಸ್ ಮತ್ತು ಥಾಮಸ್ ನೇಗಲ್ 'ನೈತಿಕ ಅದೃಷ್ಟ' ಎಂಬ ಮಾತನ್ನು ಚರ್ಚೆಗೆ ತಂದದ್ದು ಇಂಥ ಸಂದರ್ಭಗಳಿಗಾಗಿಯೇ. ಒಂದೇ ಅಲಕ್ಷ್ಯ ಒಬ್ಬನ ಪಾಲಿಗೆ ಮರೆತುಹೋಗುವ ಘಟನೆ, ಇನ್ನೊಬ್ಬನ ಪಾಲಿಗೆ ಜೀವಮಾನದ ಪಶ್ಚಾತ್ತಾಪ. ನಡುವಿನ ವ್ಯತ್ಯಾಸ ಅವರ ಕೈಯಲ್ಲಿ ಇರುವುದಿಲ್ಲ. ನನ್ನ ಪಾಲಿಗೆ ಆ ಗಂಡ ಹೆಂಡತಿ ಹಿಂದಿನಿಂದ ಬಂದರು. ಬರದೆಯೂ ಇರಬಹುದಿತ್ತು. ಅವರು ಬಂದದ್ದಕ್ಕೆ ನಾನು ಸಂತೋಷಪಡಬಹುದು, ಅದನ್ನು ನನ್ನ ಲೆಕ್ಕಕ್ಕೆ ಜಮಾ ಮಾಡಿಕೊಳ್ಳಲಾಗದು.

ಸ್ಯಾಂ ಶೆಲಿಗೆ ಎಂಟು ಕಿಲೋಮೀಟರಿನ ಇಳಿಜಾರು. ಬ್ಯಾಗು ನಾನು ತೆಗೆದುಕೊಂಡೆ. ಅವರ ಹೆಜ್ಜೆಗೆ ಹೆಜ್ಜೆ ಸೇರಿಸಿ ಇಳಿದು ಊರು ಮುಟ್ಟುವಾಗ ಕತ್ತಲಾಗಿತ್ತು. ರಾತ್ರಿ ಮತ್ತೆ ಅಲಿಗೊ. ಆಲೂಗಡ್ಡೆ, ಎಳೆಯ ಚೀಸು, ಬೆಳ್ಳುಳ್ಳಿ ಹಾಕಿ ಎಳೆಯೆಳೆಯಾಗುವವರೆಗೆ ತಿರುವುವ ಅಡುಗೆ. ಯಾತ್ರಿಕರಿಗೆ ಓಬ್ರಾಕಿನ ಸನ್ಯಾಸಿಗಳು ಬಡಿಸುತ್ತಿದ್ದದ್ದೂ ಇದೇ ಎಂದು ಅಲ್ಲಿಯವರು ಹೇಳುತ್ತಾರೆ. ಪಾತ್ರೆ ನನ್ನ ಕೈಗೆ ಬಂದಾಗ ಇನ್ನಷ್ಟು ಬೇಕೆ ಎಂದು ಅವರನ್ನು ಕೇಳಲು ಹೊರಟವನು ಕೇಳಲಿಲ್ಲ. ಬಡಿಸಿದೆ. ಅವರು ಸಾಕು ಎಂದು ಕೈ ಅಡ್ಡ ಹಿಡಿದಾಗ ನಿಲ್ಲಿಸಿದೆ.