ಜಾಮೀನು

ನಾನು ಹುಟ್ಟಿದ್ದು ಸೊರಬದಲ್ಲಿ, ಕೊಟ್ಟಿದ್ದು ಶಿಕಾರಿಪುರಕ್ಕೆ. ತವರಿನಲ್ಲಿ ಬಂಗಾರಪ್ಪನವರೆಂದರೆ ಮನೆಯ ಹಿರಿಯರಿದ್ದ ಹಾಗೆ. ಅತ್ತೆಮನೆಯಲ್ಲಿ ಯಡಿಯೂರಪ್ಪನವರ ಹೆಸರಿಲ್ಲದೆ ಊಟ ಮುಗಿಯುತ್ತಿರಲಿಲ್ಲ. ಅಕ್ಕಪಕ್ಕದ ಎರಡು ತಾಲ್ಲೂಕುಗಳು ನಾಡಿಗೆ ಒಬ್ಬೊಬ್ಬ ಮುಖ್ಯಮಂತ್ರಿಯನ್ನು ಕೊಟ್ಟಿವೆಯೆಂದರೆ ನಮ್ಮ ಹೆಮ್ಮೆ ಎಷ್ಟಿರಬೇಡ! ಮದುವೆಯಾದ ಹೊಸದರಲ್ಲಿ ಎರಡೂ ಕಡೆ ಬಾಯಿ ಮುಚ್ಚಿಕೊಂಡಿದ್ದೆ. ಬರಬರುತ್ತಾ ಗಂಡನ ಮನೆಯ ಪಕ್ಷವೇ ನನ್ನ ಪಕ್ಷವಾಯಿತು. ಸಾರಿನ ರುಚಿ ಬದಲಾದ ಹಾಗೆ ಇದೂ ಬದಲಾಯಿತು, ಯೋಚಿಸಿ ಬದಲಾಯಿಸಿದ್ದಲ್ಲ.

ಮನೆಯವರು ತೀರಿಕೊಂಡ ಮೇಲೆ ತೋಟದ ಲೆಕ್ಕ ನನ್ನ ಕೈಗೆ ಬಂತು. ಪಂಪ್‌ಸೆಟ್ಟಿಗೆಂದು ಸೊಸೈಟಿಯಲ್ಲಿ ಸಾಲ ಮಾಡಿದೆ. ಜಾಮೀನು ಹಾಕಿದವರು ಪಕ್ಕದ ಮನೆಯ ಅಕ್ಕ. ಅವರದು ಬೇರೆ ಪಕ್ಷ, ಆದರೆ ಸಹಿ ಹಾಕುವಾಗ ಆ ಮಾತು ಇಬ್ಬರಿಗೂ ನೆನಪಾಗಲಿಲ್ಲ.

2018ರ ಚುನಾವಣೆಯಲ್ಲಿ ಸಾಲ ಮನ್ನಾದ್ದೇ ಮಾತು. ಕಂತಿಗೆಂದು ಅಡಿಕೆ ಮಾರಿದ ಹಣ ಬೀರುವಿನಲ್ಲಿತ್ತು. 'ನಮ್ಮವರು ಬರ್ತಾರೆ, ಮನ್ನಾ ಮಾಡ್ತಾರೆ' ಎಂದು ಕಟ್ಟಲಿಲ್ಲ. ಮಗಳಿಗೆ ಬಳೆ ಮಾಡಿಸಿದೆ. ಮೇ 17ರಂದು ಯಡಿಯೂರಪ್ಪನವರು ಪ್ರಮಾಣವಚನ ಸ್ವೀಕರಿಸಿದಾಗ ಬೀದಿಗೆಲ್ಲ ಸಿಹಿ ಹಂಚಿದೆ. 19ರಂದು ರಾಜೀನಾಮೆ ಕೊಟ್ಟರು. ಆಮೇಲೆ ಕುಮಾರಸ್ವಾಮಿಯವರ ಸರ್ಕಾರ ಮನ್ನಾ ಮಾಡಿದ್ದು ಬೆಳೆ ಸಾಲವನ್ನು. ಪಂಪ್‌ಸೆಟ್ಟಿನ ಸಾಲ ಅದರಲ್ಲಿ ಸೇರುವುದಿಲ್ಲ. 2017ರಲ್ಲಿ ಸಿದ್ದರಾಮಯ್ಯನವರು ಸಹಕಾರಿ ಸಂಘಗಳ ಸಾಲದಲ್ಲಿ 50,000 ರೂಪಾಯಿ ಮನ್ನಾ ಮಾಡಿದಾಗಲೂ ಅದು ಅಲ್ಪಾವಧಿ ಬೆಳೆ ಸಾಲಕ್ಕೇ ಇತ್ತು. ಪತ್ರಿಕೆಯಲ್ಲಿ ಬಂದಿತ್ತು. 'ಅವರ' ಸರ್ಕಾರದ ಸುದ್ದಿ ಎಂದು ನಾನು ಪುಟ ಮಗುಚಿದ್ದೆ.

ವರ್ಷವಿಡೀ ಹೊಸ ಸರ್ಕಾರವನ್ನು ಬೈದೆ. 2019ರ ಜುಲೈನಲ್ಲಿ ನಮ್ಮವರೇ ಮುಖ್ಯಮಂತ್ರಿಯಾದರು. ಸಾಲ ಹಾಗೇ ಇತ್ತು, ಬಡ್ಡಿ ಬೆಳೆದಿತ್ತು. ಆಗ ಅಧಿಕಾರಿಗಳನ್ನು ಬೈಯಲು ಹಿಡಿದೆ. ಈಗ ನೆನೆದರೆ ನಗು ಬರುತ್ತದೆ, ಆಗ ಬರಲಿಲ್ಲ.

ಆ ವರ್ಷ ಪಕ್ಕದ ಮನೆ ಅಕ್ಕ ಮಗಳ ನರ್ಸಿಂಗ್ ಫೀಸಿಗೆಂದು ಸೊಸೈಟಿಗೆ ಹೋದರು. 'ನೀವು ಜಾಮೀನು ಹಾಕಿದ ಸಾಲ ಸುಸ್ತಿಯಲ್ಲಿದೆ' ಎಂದರಂತೆ. ಅವರು ನನಗೆ ಹೇಳಲಿಲ್ಲ. ಎರಡು ತಿಂಗಳಾದ ಮೇಲೆ ಬೇರೆಯವರಿಂದ ತಿಳಿಯಿತು. ಹುಡುಗಿಗೆ ಆ ವರ್ಷ ಸೀಟು ಕೈತಪ್ಪಿತ್ತು.

ಓಟಿಗಾಗಿ ಆಸೆ ಹುಟ್ಟಿಸುವವರದೂ ತಪ್ಪಿಲ್ಲವೇ ಎಂದು ನೀವು ಕೇಳಬಹುದು. ಇದೆ. ಆದರೆ ತಪ್ಪು ಅಣ್ಣತಮ್ಮಂದಿರ ತೋಟವಲ್ಲ, ಅವರಿಗಿಷ್ಟು ಹೋದರೆ ನನ್ನ ಪಾಲು ಕಡಿಮೆಯಾಗಲು. ಯಾವ ನಾಯಕರೂ ನನ್ನ ಬೀರುವಿನ ಬೀಗ ತೆಗೆದಿರಲಿಲ್ಲ. ಓಟು ಹಾಕಿದ ಕೈಯನ್ನು ಸರಿಯೆಂದು ಸಾಧಿಸುವ ಹಟದಲ್ಲಿ ಹಣ ಎಣಿಸುವ ಕೈಗೂ ಬುದ್ಧಿ ಹೇಳಲಿಲ್ಲ ನಾನು.

ಬಳೆ ಗಿರವಿ ಇಟ್ಟು ಸಾಲ ತೀರಿಸಿದೆ. ರಸೀದಿ ಹಿಡಿದು ಅಕ್ಕನ ಮನೆಗೆ ಹೋದಾಗ ಅವರು ಅಂಗಳದಲ್ಲಿ ಅಡಿಕೆ ಹರವುತ್ತಿದ್ದರು. ರಸೀದಿ ನೋಡಲಿಲ್ಲ.

"ಒಂದು ಕೇಳ್ತೀನಿ, ಬೇಜಾರು ಮಾಡ್ಕೋಬೇಡ," ಎಂದರು. "ನಮ್ಮ ಪಕ್ಷದೋರು ಮನ್ನಾ ಮಾಡ್ತೀವಿ ಅಂದಿದ್ರೆ, ಕಂತು ಕಟ್ಟದೆ ಇರ್ತಿದ್ಯಾ?"

"ಕಟ್ತಿದ್ದೆ," ಅಂದೆ.

ಅವರು ಮತ್ತೆ ಅಡಿಕೆ ಹರವಲು ಬಗ್ಗಿದರು. ನಾನೂ ಸೆರಗು ಸಿಕ್ಕಿಸಿ ಇನ್ನೊಂದು ತುದಿಯಿಂದ ಹರವತೊಡಗಿದೆ.