ಹತ್ತೂವರೆಗೆ ಎಲ್ಲರಿಗೂ ಓಕೆನಾ?

ನವೆಂಬರ್ ಮೊದಲ ಭಾನುವಾರ ಅಮೆರಿಕದವರು ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸ್ತಾರೆ. ಅವತ್ತು ಅವರಿಗೆ ಒಂದು ಗಂಟೆ ಹೆಚ್ಚು ನಿದ್ದೆ. ಕ್ಯಾಲಿಫೋರ್ನಿಯಾದ ಬೆಳಗ್ಗೆ ಒಂಬತ್ತರ ಮೀಟಿಂಗ್ ಮಾತ್ರ ನಮಗೆ ರಾತ್ರಿ ಒಂಬತ್ತೂವರೆಯಿಂದ ಹತ್ತೂವರೆಗೆ ಜಾರುತ್ತೆ. ಮಾರ್ಚ್‌ವರೆಗೂ ಅದೇ. ನಮ್ಮನ್ನು ಯಾರೂ ಕೇಳಿರಲ್ಲ, ಕ್ಯಾಲೆಂಡರ್ ತಾನೇ ಬದಲಾಗಿರುತ್ತೆ.

ನಮ್ಮ ಕಟ್ಟಾಯದ ಕಡೆ ಹತ್ತೂವರೆ ಅಂದ್ರೆ ಊರು ಮಲಗಿ ಎಷ್ಟೋ ಹೊತ್ತಾಗಿರುತ್ತೆ. ಬೆಳಗ್ಗೆ ಡೈರಿಗೆ ಹಾಲು ಹಾಕೋ ಮನೆಗಳು. ಹಾಲು ಕರೆಯೋಕೆ ಐದಕ್ಕೇ ಏಳೋ ಅಮ್ಮ ಒಳಗೆ ಮಲಗಿದ್ದರೆ, ಹಜಾರದಲ್ಲಿ ಮಗ ಹೆಡ್‌ಫೋನ್ ಹಾಕ್ಕೊಂಡು "ನನ್ನ ಸ್ಕ್ರೀನ್ ಕಾಣ್ತಿದೆಯಾ?" ಅಂತ ಕೇಳ್ತಿರ್ತಾನೆ. ಮೀಟಿಂಗಿಗೆ ಬಂದವರ ಪಟ್ಟಿಯಲ್ಲಿ ಅಮ್ಮನ ಹೆಸರಿಲ್ಲ. ನಿದ್ದೆಗೆಟ್ಟವರಲ್ಲಿ ಅವರೂ ಒಬ್ಬರು.

ಭೂಮಿ ದುಂಡಗಿರೋದು ಯಾರ ತಪ್ಪೂ ಅಲ್ಲ, ಸರಿ. ಆದರೆ ಪ್ರತಿ ಸಲ ಒಂದೇ ಕಡೆಯವರು ರಾತ್ರಿ ಕೂರಬೇಕು ಅನ್ನೋದು ಭೂಮಿ ಮಾಡಿದ ತೀರ್ಮಾನ ಅಲ್ಲವಲ್ಲ!

ಹಾಸನದಲ್ಲೇ ಇಸ್ರೋದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ ಇದೆ. 1982ರಿಂದ ಅಲ್ಲಿ ಉಪಗ್ರಹಗಳ ಮೇಲೆ ಹಗಲೂ ರಾತ್ರಿ ಕಣ್ಣಿಟ್ಟಿರ್ತಾರೆ. ಉಪಗ್ರಹಕ್ಕೆ ನಮ್ಮ ನಿದ್ದೆಯ ಹೊತ್ತು ಗೊತ್ತಿಲ್ಲ, ಯಾರಾದರೂ ಎದ್ದಿರಲೇಬೇಕು. ಆದರೆ ಅಂಥ ಕೆಲಸಕ್ಕೆ ರಾತ್ರಿ ಪಾಳಿ ಅಂತ ಹೆಸರಿದೆ. ಪಾಳಿ ಮುಗಿದ ಮೇಲೆ ಇನ್ನೊಬ್ಬರು ಬಂದು ಕೂರ್ತಾರೆ. ನಮ್ಮದಕ್ಕೆ ಹೆಸರಿಲ್ಲ. "ಅರ್ಧ ಗಂಟೆ ಅಷ್ಟೇ" ಅಂತಾರೆ, ಹಗಲಿನ ಕೆಲಸ ಹಗಲಿಗೆ ಇದ್ದೇ ಇರುತ್ತೆ.

ಸಂಬಳ ಕೊಡ್ತಾರಲ್ಲ ಅಂತ ನೀವು ಹೇಳಬಹುದು. ಕೊಡ್ತಾರೆ, ಚೆನ್ನಾಗೇ ಕೊಡ್ತಾರೆ. ರಾತ್ರಿ ಕೆಲಸ ಒಪ್ಪಿಕೊಂಡು ಸೇರಿದವರ ಮಾತು ಬೇರೆ. ಇಲ್ಲಿ ಒಪ್ಪಿಗೆ ಸಿಗೋ ರೀತಿಯೇ ನನ್ನ ತಕರಾರು. "ಎಲ್ಲರಿಗೂ ಓಕೆನಾ?" ಅಂತ ಕೇಳೋರು, ವರ್ಷದ ಕೊನೆಗೆ ನಮ್ಮ ರೇಟಿಂಗ್ ಬರೆಯೋರು, ಇಬ್ಬರೂ ಒಬ್ಬರೇ. ಆಗ ಎಂಟು ಜನ ಸುಮ್ಮನಿದ್ರೆ ಅದನ್ನು ಒಪ್ಪಿಗೆ ಅಂತ ಬರೆದುಕೊಳ್ಳೋದು ನ್ಯಾಯವಾ? ಕೇಳೋರು ಕೆಟ್ಟವರೇನಲ್ಲ. ಅವರಿಗದು ಕಾಫಿ ಹೊತ್ತು, ಇಲ್ಲಿನ ರಾತ್ರಿ ಅವರಿಗೆ ಕಾಣಲ್ಲ ಅಷ್ಟೇ.

ಅರ್ಧ ಮೀಟಿಂಗ್‌ಗಳು ಒಂದು ಮೇಲ್‌ನಲ್ಲಿ ಮುಗಿಯೋ ಅಂಥವು ಬಿಡಿ, ಅದು ಬೇರೆ ಕಥೆ. ಉಳಿದದ್ದನ್ನು ಹಂಚಿಕೊಳ್ಳಬಹುದು. ಸರಿಸಮ ಬೇಡ, ತಿಂಗಳಿಗೊಂದು ಸಲ ಅವರು ರಾತ್ರಿ ಒಂಬತ್ತೂವರೆಗೆ ಕೂರಲಿ, ಚಳಿಗಾಲದಲ್ಲಿ ನಮಗದು ಮಾರನೇ ದಿನ ಬೆಳಗ್ಗೆ ಹನ್ನೊಂದು. ಆ ಹೊತ್ತಲ್ಲಿ ಮನೆ, ಮಕ್ಕಳು ಇರ್ತಾರಲ್ಲ ಅಂತ ಅವರಂದ್ರೆ ಒಳ್ಳೇದೇ ಆಯ್ತು, ಮಾತು ಅಲ್ಲಿಂದಲೇ ಶುರುವಾಗಲಿ.